ನ್ಯಾಸವಾಗಿ ಬಂದ ಹಸ್ತಪ್ರತಿ

ಒಬ್ಬರು ವಿಶ್ವಾಸದಿಂದ ಮತ್ತೊಬ್ಬರ ವಶದಲ್ಲಿ ಇರಿಸಿಹೋದ ಸ್ವತ್ತಿಗೆ ನ್ಯಾಸವೆಂದು ಹೆಸರು. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ನ್ಯಾಸಾಪಹಾರವನ್ನೂ ಅವುಗಳಲ್ಲಿ ಸೇರಿಸಿದ್ದಾರೆ. ಅಚೌರ್ಯವ್ರತದ ಕೆಳಗೆ ಬರಬಹುದಾಗಿದ್ದ ಈ ದೋಷವು ಸತ್ಯವ್ರತದ ಕೆಳಗೆ ಬಂದಿರುವುದು ವಿಚಾರಯೋಗ್ಯವಾದ ಸಂಗತಿ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದರ ಮರ್ಮವನ್ನು ಬಿಡಿಸಿದ್ದಾರೆ. ಇಟ್ಟವನು ತಾನು ಎಷ್ಟು ಇಟ್ಟೆನೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿಬಿಡುತ್ತಾನೆ. ಅಪಹಾರವು ನಡೆಯುವುದು ಆ ಒಂದು ಮಾತಿನಲ್ಲಿ.

ಚಿನ್ನಬೆಳ್ಳಿಗಳ ವಿಷಯದಲ್ಲಿ ಈ ಉಪದೇಶವು ವರ್ತಕ ಕುಲಗಳಿಗೆ ಹೊಸದಲ್ಲ. ಆದರೆ ಒಬ್ಬನು ವರ್ಷಗಟ್ಟಲೆ ಶ್ರಮಿಸಿ ಬರೆದ ಹಸ್ತಪ್ರತಿಯೂ ನ್ಯಾಸವೇ ಎಂಬುದು ಅಷ್ಟಾಗಿ ನಮ್ಮ ಗಮನಕ್ಕೆ ಬಂದಿಲ್ಲ. ಇಂದು ಬಸದಿಗಳ ಟ್ರಸ್ಟುಗಳು ಕ್ಷೇತ್ರದ ಚರಿತ್ರೆಯನ್ನೂ, ಮನೆತನಗಳು ಹಿರಿಯರ ಆತ್ಮವೃತ್ತಾಂತವನ್ನೂ ಗ್ರಂಥರೂಪಕ್ಕೆ ತರುತ್ತಿವೆ. ಬರೆದವರು ಸಾಮಾನ್ಯವಾಗಿ ವೃತ್ತಿಯ ಲೇಖಕರಲ್ಲ. ಆದುದರಿಂದ ಹಸ್ತಪ್ರತಿಯನ್ನು ಸ್ವತಂತ್ರವಾಗಿ ವೃತ್ತಿ ನಡೆಸುವ ಒಬ್ಬ ಸಂಪಾದಕನಿಗೆ ಒಪ್ಪಿಸುವ ಸಂದರ್ಭ ಒದಗುತ್ತದೆ. ಆ ಸಂಬಂಧದ ಧರ್ಮವೇನು ಎಂಬುದನ್ನು ಚರಿತ್ರೆಯ ಬೆಳಕಿನಲ್ಲಿ ನೋಡುವುದು ಉಚಿತ.

ಸಂಪಾದನೆಯಲ್ಲಿ ಹಲವು ಹಂತಗಳಿವೆ. ಕಾಗುಣಿತವನ್ನೂ ವಾಕ್ಯದೋಷವನ್ನೂ ತಿದ್ದುವುದು ಕೊನೆಯ ಹಂತಗಳ ಕೆಲಸ. ಅದಕ್ಕೂ ಮೊದಲು ಇಡೀ ಗ್ರಂಥದ ಕಟ್ಟಡವನ್ನು ಪರೀಕ್ಷಿಸುವವನನ್ನು ಪಾಶ್ಚಾತ್ಯ ಪ್ರಕಾಶನ ವ್ಯವಹಾರದಲ್ಲಿ ಡೆವಲಪ್‌ಮೆಂಟಲ್ ಎಡಿಟರ್ ಎನ್ನುತ್ತಾರೆ. ರಚನಾ ಸಂಪಾದಕನೆಂದು ಕನ್ನಡದಲ್ಲಿ ಕರೆಯಬಹುದು. ಈತನು ಹಸ್ತಪ್ರತಿಯನ್ನು ಆದ್ಯಂತವಾಗಿ ಓದಿ, ಗ್ರಂಥವು ಏನನ್ನು ಹೇಳಹೊರಟಿದೆ, ಯಾರಿಗಾಗಿ ಹೇಳುತ್ತಿದೆ, ಯಾವ ಅಧ್ಯಾಯ ಮೊದಲು ಬರಬೇಕು, ಯಾವುದು ಪುನರುಕ್ತಿ, ಎಲ್ಲಿ ಕೊಂಡಿ ತಪ್ಪಿದೆ ಎಂಬುದನ್ನೆಲ್ಲ ವಿವರಿಸಿ ಲೇಖಕನಿಗೆ ದೀರ್ಘವಾದ ಪತ್ರವನ್ನು ಬರೆಯುತ್ತಾನೆ. ಲೇಖಕನು ಅದನ್ನು ಪರಿಶೀಲಿಸಿ ತಾನೇ ಮತ್ತೆ ಬರೆಯುತ್ತಾನೆ. ಹೀಗೆ ಎರಡು ಮೂರು ಆವೃತ್ತಿಗಳು ನಡೆಯುವುದುಂಟು. ಹಿಂದೆ ಈ ಕೆಲಸವು ಬಹುಮಟ್ಟಿಗೆ ಪ್ರಕಾಶನ ಸಂಸ್ಥೆಗಳ ಒಳಗೇ ಆಗುತ್ತಿತ್ತು. ಈಗ ಅನೇಕರು ಇದನ್ನು ಸ್ವತಂತ್ರ ವೃತ್ತಿಯಾಗಿ ಮಾಡುತ್ತಿದ್ದಾರೆ.

ಹೆಸರು ಹೊಸದಾದರೂ, ಒಂದು ಗ್ರಂಥಕ್ಕೆ ಎರಡನೆಯ ಕಣ್ಣು ಬೇಕೆಂಬ ತಿಳಿವು ನಮ್ಮ ಪರಂಪರೆಗೆ ಹೊಸದಲ್ಲ. ಗುಣಧರಾಚಾರ್ಯರ ಕಸಾಯಪಾಹುಡದ ಮೇಲಿನ ಜಯಧವಳಾ ಟೀಕೆಯನ್ನು ವೀರಸೇನಾಚಾರ್ಯರು ಸುಮಾರು 20,000 ಶ್ಲೋಕ ಪ್ರಮಾಣದಷ್ಟು ರಚಿಸಿ ದಿವಂಗತರಾದರು. ಶಿಷ್ಯರಾದ ಜಿನಸೇನಾಚಾರ್ಯರು ಇನ್ನೂ 40,000 ಶ್ಲೋಕ ಪ್ರಮಾಣವನ್ನು ಬರೆದು, ಅಮೋಘವರ್ಷನ ಆಳ್ವಿಕೆಯಲ್ಲಿ, ಶಕ 759ರಲ್ಲಿ, ಎಂದರೆ ಕ್ರಿ.ಶ. 837ರಲ್ಲಿ ಅದನ್ನು ಪೂರ್ಣಗೊಳಿಸಿದರು. ಗ್ರಂಥಾಂತ್ಯದ ಪ್ರಶಸ್ತಿಯಲ್ಲಿ ಅವರು ಶ್ರೀಪಾಲರೆಂಬ ಮುನಿಗಳ ಹೆಸರನ್ನು ಸ್ಮರಿಸಿ, ಈ ಟೀಕೆಯು ಅವರಿಂದ ಸಂಪಾಲಿತವಾದುದೆಂದು ಹೇಳಿದ್ದಾರೆ. ಶ್ರೀಪಾಲರು ಟೀಕೆಯನ್ನು ಪರಿಶೋಧಿಸಿದ ಸಂಪಾದಕರೆಂದು ವಿದ್ವಾಂಸರು ಇದನ್ನು ಅರ್ಥೈಸುವುದುಂಟು. ಸಂಪಾಲಿತ ಎಂಬ ಪದವು ಮನನೀಯವಾದುದು. ಪಾಲಕನು ಸ್ವತ್ತಿನ ಒಡೆಯನಲ್ಲ, ಕಾಪಾಡುವವನು. ಗ್ರಂಥವು ವೀರಸೇನ-ಜಿನಸೇನರದಾಗಿಯೇ ಉಳಿಯಿತು. ಪಾಲಿಸಿದವರ ಹೆಸರೂ ಅಳಿಯಲಿಲ್ಲ.

ಲೇಖಕ-ಸಂಪಾದಕರ ನಡುವಿನ ವ್ಯವಹಾರವು ಪತ್ರ ಹಾಗೂ ಕರಡುಗಳ ಸಮೇತ ನಮಗೆ ತಿಳಿದುಬರುವುದು ಇತ್ತೀಚಿನ ಕಾಲದ ಗ್ರಂಥಗಳಿಂದ. ಅವುಗಳಲ್ಲಿ ಅಮೆರಿಕದ ಎರಡು ಪ್ರಸಂಗಗಳು ಪ್ರಸಿದ್ಧವಾಗಿವೆ. ಎರಡರಲ್ಲಿಯೂ ಸಂಪಾದಕರು ಪ್ರಕಾಶನ ಸಂಸ್ಥೆಯ ನೌಕರರೇ ಆದರೂ, ಅವರ ನಡೆಯು ಸ್ವತಂತ್ರ ವೃತ್ತಿಯವರಿಗೂ ಪಾಠವಾಗಬಲ್ಲದು.

ಮೊದಲನೆಯದು ಹಾರ್ಪರ್ ಲೀ ಅವರದು. ನ್ಯೂಯಾರ್ಕಿನ ವಿಮಾನ ಸಂಸ್ಥೆಯೊಂದರಲ್ಲಿ ಟಿಕೆಟ್ ವಿಭಾಗದ ನೌಕರಿಯಲ್ಲಿದ್ದ ಆಕೆಗೆ 1956ರ ಕ್ರಿಸ್‌ಮಸ್ ದಿನ ಸ್ನೇಹಿತ ದಂಪತಿಗಳು, ಒಂದು ವರ್ಷ ನಿಶ್ಚಿಂತೆಯಿಂದ ಬರೆಯಲೆಂದು ಹಣದ ನೆರವಿತ್ತರು. ಹೀಗೆ ಸಿದ್ಧವಾದ ಕಾದಂಬರಿಯು 1957ರಲ್ಲಿ ಲಿಪಿನ್‌ಕಾಟ್ ಸಂಸ್ಥೆಯ ಸಂಪಾದಕಿ ಟೇ ಹೋಹಾಫ್ ಅವರ ಕೈಗೆ ಬಂದಿತು. ದೊಡ್ಡವಳಾದ ಮಗಳು ನಗರದಿಂದ ತಂದೆಯ ಊರಿಗೆ ಮರಳಿ ಬರುವುದು ಅದರ ಕಥೆ. ಬರವಣಿಗೆಯಲ್ಲಿ ಸತ್ತ್ವವಿದೆ, ಆದರೆ ಇದು ಬಿಡಿಬಿಡಿ ಪ್ರಸಂಗಗಳ ಜೋಡಣೆಯೇ ಹೊರತು ಪೂರ್ಣಗೊಂಡ ಕಾದಂಬರಿಯಲ್ಲ ಎಂಬುದು ಹೋಹಾಫ್ ಅವರ ಅಭಿಪ್ರಾಯವಾಗಿತ್ತು. ಆಕೆ ತಾನೇ ಅದನ್ನು ಕತ್ತರಿಸಿ ಹೊಲಿಯಲು ಹೋಗಲಿಲ್ಲ. ಪ್ರಶ್ನೆಗಳನ್ನು ಕೇಳಿದರು, ವಾದಿಸಿದರು, ಕಾದರು. ಎರಡು ವರ್ಷಗಳಿಗೂ ಮಿಕ್ಕಿ ಲೀ ಮತ್ತೆ ಮತ್ತೆ ಬರೆದರು. ಒಂದು ಚಳಿಗಾಲದ ರಾತ್ರಿ ಬೇಸತ್ತು ಹಾಳೆಗಳನ್ನೆಲ್ಲ ಕಿಟಕಿಯಿಂದ ಹಿಮಕ್ಕೆ ಎಸೆದು ಹೋಹಾಫ್‌ರಿಗೆ ದೂರವಾಣಿ ಮಾಡಿದರೆಂದೂ, ಕೂಡಲೇ ಹೊರಗೆ ಹೋಗಿ ಆಯ್ದುಕೊಂಡು ಬರುವಂತೆ ಹೋಹಾಫ್ ಹೇಳಿದರೆಂದೂ ಪ್ರತೀತಿಯಿದೆ. ಕೊನೆಗೆ ಕಥೆಯು ಅದೇ ಮಗಳ ಬಾಲ್ಯಕ್ಕೆ ಸರಿದು, 1960ರಲ್ಲಿ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಎಂಬ ಹೆಸರಿನಿಂದ ಪ್ರಕಟವಾಯಿತು. ಮರುವರ್ಷ ಪುಲಿಟ್ಜರ್ ಪ್ರಶಸ್ತಿಯನ್ನು ಪಡೆಯಿತು. ಮೊದಲಿನ ಹಸ್ತಪ್ರತಿಯು ‘ಗೋ ಸೆಟ್ ಎ ವಾಚ್‌ಮನ್’ ಎಂಬ ಹೆಸರಿನಲ್ಲಿ 2015ರಲ್ಲಿ ಅಚ್ಚಾದಾಗ, ಈ ಇಬ್ಬರ ಶ್ರಮ ಎಷ್ಟಿತ್ತೆಂಬುದು ಲೋಕಕ್ಕೆ ತಿಳಿಯಿತು.

ಎರಡನೆಯದು ಸಣ್ಣಕಥೆಗಾರ ರೇಮಂಡ್ ಕಾರ್ವರ್ ಅವರದು. ಅವರ ಸಂಪಾದಕ ಗಾರ್ಡನ್ ಲಿಶ್ 1980ರಲ್ಲಿ ಒಂದು ಕಥಾಸಂಕಲನದ ಹಸ್ತಪ್ರತಿಯನ್ನು ಅರ್ಧಕ್ಕೂ ಹೆಚ್ಚು ಕತ್ತರಿಸಿದರು. ಹಲವು ಕಥೆಗಳ ಮುಕ್ತಾಯವನ್ನೂ ಶೀರ್ಷಿಕೆಗಳನ್ನೂ ಬದಲಿಸಿದರು. ಆ ವರ್ಷದ ಜುಲೈ 8ರಂದು ಕಾರ್ವರ್ ದೀರ್ಘವಾದ ಪತ್ರವನ್ನು ಬರೆದು, ಪುಸ್ತಕದ ಮುದ್ರಣವನ್ನು ನಿಲ್ಲಿಸಬೇಕೆಂದು ದೈನ್ಯದಿಂದ ಬೇಡಿಕೊಂಡರು. ಮೂಲ ಕಥೆಗಳನ್ನು ಮಿತ್ರರು ಆಗಲೇ ಓದಿದ್ದಾರೆ, ಇನ್ನು ಅವರಿಗೆ ಹೇಗೆ ಮುಖ ತೋರಿಸಲಿ ಎಂಬ ಸಂಕಟವು ಆ ಪತ್ರದಲ್ಲಿದೆ. ಕೆಲವೇ ದಿನಗಳಲ್ಲಿ ಅವರು ಮಣಿದರು. 1981ರಲ್ಲಿ ಪುಸ್ತಕವು ಬಹುಮಟ್ಟಿಗೆ ಸಂಪಾದಕರ ರೂಪದಲ್ಲಿಯೇ ಹೊರಬಂದಿತು. ಕೀರ್ತಿಯೂ ಬಂದಿತು. ಕತ್ತರಿಸಿದ ರೂಪವೇ ಉತ್ತಮವೆನ್ನುವ ವಿಮರ್ಶಕರು ಇಂದಿಗೂ ಇದ್ದಾರೆ. ಆದರೆ 1983ರ ಮುಂದಿನ ಸಂಕಲನದಲ್ಲಿ ಅಂತಹ ಕತ್ತರಿಗೆ ಕಾರ್ವರ್ ಅವಕಾಶ ಕೊಡಲಿಲ್ಲ. 1988ರಲ್ಲಿ ಅವರು ತೀರಿಕೊಂಡರು. ಮೂಲ ಕಥೆಗಳು ‘ಬಿಗಿನರ್ಸ್’ ಎಂಬ ಹೆಸರಿನಲ್ಲಿ 2009ರಲ್ಲಿ ಅಚ್ಚಾದವು.

ಫಲವನ್ನು ಮಾತ್ರ ನೋಡುವುದಾದರೆ ಎರಡೂ ಪ್ರಸಂಗಗಳು ಯಶಸ್ವಿಯೇ. ಒಂದರಲ್ಲಿ ಸಲಹೆಯು ಲೇಖಕಿಯ ಮನಸ್ಸನ್ನು ಹೊಕ್ಕು ಆಕೆಯ ಕೈಯಿಂದಲೇ ಹೊರಬಂದಿತು. ಇನ್ನೊಂದರಲ್ಲಿ ಮತ್ತೊಬ್ಬರ ಮಾತು ಲೇಖಕನ ಹೆಸರಿನಲ್ಲಿ ಅಚ್ಚಾಯಿತು. ಜೈನದೃಷ್ಟಿಗೆ ಕಾಣುವ ಭೇದವಿದು. ಪರರು ಆಡದ ಮಾತನ್ನು ಆಡಿದರೆಂದು ವಂಚನೆಗಾಗಿ ಬರೆಯುವುದನ್ನು ಕೂಟಲೇಖಕ್ರಿಯೆ ಎಂದು ಶಾಸ್ತ್ರವು ಕರೆದಿದೆ. ಸಂಪಾದಕನಲ್ಲಿ ವಂಚನೆಯ ಉದ್ದೇಶವಿಲ್ಲದಿರಬಹುದು, ಉಪಕಾರಬುದ್ಧಿಯೇ ಇರಬಹುದು. ಆದರೂ ಸಮ್ಮತಿಯಿಲ್ಲದ ಒಂದು ವಾಕ್ಯವು ಲೇಖಕನ ಹೆಸರಿನಲ್ಲಿ ಹೊರಟರೆ ಅದು ಆ ಅತಿಚಾರದ ಹೊಸ್ತಿಲಿಗೆ ಬಂದು ನಿಂತಂತೆಯೇ. ಇನ್ನೊಬ್ಬರ ಹಸ್ತಪ್ರತಿಯಲ್ಲಿ ಓದಿದ ಮನೆಯ ಗುಟ್ಟನ್ನು ಹೊರಗೆ ಆಡುವುದು ರಹೋಭ್ಯಾಖ್ಯಾನ. ತೆಗೆದುಹಾಕಿದ ಪುಟಗಳ ಲೆಕ್ಕವನ್ನು ಕೊಡದೆ, ಲೇಖಕನು ಮರೆತನೆಂದು ಸುಮ್ಮನಿರುವುದು ನ್ಯಾಸಾಪಹಾರ. ಸಂಪಾದಕನ ವೃತ್ತಿಗೆ ಬೇರೊಂದು ನೀತಿಸಂಹಿತೆಯನ್ನು ಹುಡುಕಬೇಕಾಗಿಲ್ಲ.

ಟ್ರಸ್ಟುಗಳು ಈ ವಿಷಯದಲ್ಲಿ ವ್ಯವಹಾರಶುದ್ಧಿಯನ್ನು ಪಾಲಿಸಬೇಕು. ಹಸ್ತಪ್ರತಿಯ ಮೂಲವನ್ನು ತಮ್ಮಲ್ಲಿಯೇ ಇಟ್ಟುಕೊಂಡು ನಕಲನ್ನು ಮಾತ್ರ ಕೊಡುವುದು ಲೇಸು. ಒಂದು ಅಧ್ಯಾಯವನ್ನು ಮಾದರಿಗಾಗಿ ಕೊಟ್ಟು ಸಂಪಾದಕನ ಕೈಗುಣವನ್ನು ನೋಡಬೇಕು. ಕೆಲಸದ ವ್ಯಾಪ್ತಿ, ಎಷ್ಟು ಬಾರಿ ಓದಿಕೊಡಬೇಕು, ಅವಧಿ, ಸಂಭಾವನೆಯ ಕಂತುಗಳು, ಕೊನೆಯ ಮಾತು ಯಾರದು, ನಡುವೆ ಬಿಟ್ಟರೆ ಹೇಗೆ ಎಂಬುದನ್ನೆಲ್ಲ ಬರಹದಲ್ಲಿ ನಿಶ್ಚಯಿಸಿಕೊಳ್ಳಬೇಕು. ಧರ್ಮಕಾರ್ಯವೆಂಬ ನೆಪದಿಂದ ಸಂಪಾದಕನ ಸಂಭಾವನೆಯನ್ನು ಕುಗ್ಗಿಸುವುದು ತೂಕದ ಬಟ್ಟಿನಲ್ಲಿ ಮೋಸ ಮಾಡಿದಂತೆ. ಅವನ ಹೆಸರನ್ನು ಮುನ್ನುಡಿಯಲ್ಲಿ ಸ್ಮರಿಸದಿರುವುದೂ ಅಷ್ಟೇ ತಪ್ಪು. ಹನ್ನೊಂದು ಶತಮಾನಗಳಿಗೂ ಹಿಂದೆ ಜಿನಸೇನರು ಶ್ರೀಪಾಲರನ್ನು ಮರೆಯಲಿಲ್ಲ.

ಲೇಖಕನಿಗೂ ಧರ್ಮವಿದೆ. ತಾನು ಬರೆದುದೆಂಬ ಕಾರಣದಿಂದಲೇ ಒಂದು ಪುಟವನ್ನು ಬಿಡಲಾರದೆ ಹೋಗುವುದು ಮೂರ್ಛೆ, ಮೂರ್ಛೆಯೇ ಪರಿಗ್ರಹ. ಹಳ್ಳಿಯ ಬಸದಿಯ ಚರಿತ್ರೆಯನ್ನು ಬರೆದವರು ಶಾಸನವನ್ನು ಅನುಬಂಧಕ್ಕೆ ತಳ್ಳಿ, ದಾನಿಗಳ ಪಟ್ಟಿಯಿಂದಲೇ ಗ್ರಂಥವನ್ನು ಆರಂಭಿಸಿರುತ್ತಾರೆ. ಪಟ್ಟಿಯನ್ನು ಕೊನೆಗೆ ಒಯ್ಯಿರೆಂದು ಸಂಪಾದಕನು ಹೇಳಿದಾಗ ಮಾನಕಷಾಯವು ತಲೆಯೆತ್ತುತ್ತದೆ. ಅಂತಹ ಸಲಹೆಗೆ ಒಡನೆಯೇ ಉತ್ತರಿಸದೆ ಕೆಲವು ದಿನ ಬಿಟ್ಟು ಮತ್ತೆ ಓದುವುದು ಹಿತ. ಓದುಗನ ಕಡೆಯಿಂದ ನೋಡುವ ಒಂದು ನಯವನ್ನು ಸಂಪಾದಕನು ತಂದಿರುತ್ತಾನೆ; ಬರೆದವನ ನಯವು ಅದರಿಂದ ಅಸತ್ಯವಾಗುವುದಿಲ್ಲ, ಪೂರ್ಣವಾಗುತ್ತದೆ. ಒಪ್ಪದ ಸಲಹೆಯನ್ನು ಕಾರಣ ಹೇಳಿ ನಿರಾಕರಿಸುವ ಹಕ್ಕು ಲೇಖಕನದೇ.

ಹಸ್ತಪ್ರತಿಯನ್ನು ಹಿಂದಿರುಗಿಸುವ ದಿನ, ಇಟ್ಟುಕೊಂಡವನು ಎಲ್ಲವನ್ನೂ ಎಣಿಸಿ ಕೊಡಲಿ. ಇಟ್ಟವನು ಎಣಿಸಿ ಪಡೆಯಲಿ. ಸೇರಿದುದೇನು, ಬಿಟ್ಟುದೇನು ಎಂಬ ಲೆಕ್ಕವು ಇಬ್ಬರ ಬಳಿಯೂ ಒಂದೇ ಆಗಿದ್ದರೆ, ಆ ಗ್ರಂಥವನ್ನು ನಿಶ್ಶಂಕೆಯಿಂದ ಅಚ್ಚಿಗೆ ಕಳುಹಿಸಬಹುದು.