ತಾಯಿಗೆ ರಜೆ, ಕೂಸಿಗೆ ಯಾರು?

ಮಹಿಳಾ ದಿನಾಚರಣೆ ಬಂತೆಂದರೆ ಕವಲೇದುರ್ಗದ ಸುತ್ತಿನ ನಮ್ಮ ಊರುಗಳಲ್ಲಿ ಕೆಳದಿ ಚೆನ್ನಮ್ಮನ ಹೆಸರಿಲ್ಲದ ಭಾಷಣವಿಲ್ಲ. ದತ್ತುಮಗನನ್ನೂ ಬೆಳೆಸಿದಳು, ಕಾಲು ಶತಮಾನ ರಾಜ್ಯವನ್ನೂ ಆಳಿದಳು. ಮನಸ್ಸು ಮಾಡಿದರೆ ಹೆಣ್ಣಿಗೆ ಎರಡೂ ಸಾಧ್ಯ ಎಂಬ ಪಾಠ ಅದರ ಹಿಂದೆಯೇ ಬರುತ್ತದೆ. ರಾಣಿಯ ಮೇಲೆ ನನಗೂ ಅಪಾರ ಗೌರವವಿದೆ. ಆದರೆ ಅರಮನೆಯಲ್ಲಿ ಮಗು ನೋಡಿಕೊಳ್ಳಲು ಆಳುಕಾಳಿಗೆ ಬರವಿರಲಿಲ್ಲ. ದುಡಿಯುವ ತಾಯಂದಿರ ವಿಷಯವನ್ನು ಮನೋಬಲಕ್ಕೆ ಬಿಟ್ಟುಬಿಟ್ಟರೆ, ಕಾಯಿದೆ ಎಲ್ಲಿ ಕೈಕೊಟ್ಟಿತು ಎಂಬುದೇ ಮರೆತುಹೋಗುತ್ತದೆ.

ಹೆರಿಗೆ ಸೌಲಭ್ಯದ ಕಾನೂನು ನಮ್ಮಲ್ಲಿ ಮೊದಲು ಬಂದದ್ದು 1929ರಲ್ಲಿ, ಮುಂಬಯಿ ಪ್ರಾಂತ್ಯದಲ್ಲಿ. 1948ರ ಕಾರ್ಖಾನೆ ಕಾಯಿದೆ, 1951ರ ಪ್ಲಾಂಟೇಷನ್ ಕಾಯಿದೆಗಳು ಶಿಶುವಿಹಾರವನ್ನು ಮಾಲೀಕರ ಹೊಣೆಯಾಗಿಸಿದವು. 1961ರ ಹೆರಿಗೆ ಸೌಲಭ್ಯ ಕಾಯಿದೆ ಹನ್ನೆರಡು ವಾರಗಳ ರಜೆ ಕೊಟ್ಟಿತು; ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆರಡು ಬಿಡುವನ್ನೂ ಕೊಟ್ಟಿತು. ಮುಂದೆ, ಮದುವೆಗೆ ಸರ್ಕಾರದ ಅನುಮತಿ ಬೇಕೆಂಬ ವಿದೇಶಾಂಗ ಸೇವೆಯ ನಿಯಮವನ್ನು ಕೊಡಗಿನ ಸಿ.ಬಿ. ಮುತ್ತಮ್ಮ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ತೀರ್ಪು ಬಂದದ್ದು 1979ರಲ್ಲಿ. ಮೊದಲ ಬಸಿರಿಗೇ ಗಗನಸಖಿಯನ್ನು ಮನೆಗೆ ಕಳಿಸುತ್ತಿದ್ದ ಏರ್ ಇಂಡಿಯಾ ನಿಯಮ 1981ರಲ್ಲಿ ಬಿದ್ದುಹೋಯಿತು.

ನಮ್ಮ ತಲೆಮಾರಿನ ಕಣ್ಣು ತೆರೆಸಿದ್ದು ಇಳಾ ಭಟ್ ಅಧ್ಯಕ್ಷತೆಯ ಆಯೋಗದ 1988ರ ‘ಶ್ರಮಶಕ್ತಿ’ ವರದಿ. ಹಾಜರಿ ಪುಸ್ತಕವಿಲ್ಲದ ದುಡಿಮೆಯೂ ದುಡಿಮೆಯೇ ಎಂಬ ನೆಲೆಯಿಂದ ಅದು ಹೊರಟಿತ್ತು. ದೆಹಲಿಯಲ್ಲಿ ಮಸ್ಟರ್ ರೋಲ್ ಮೇಲೆ ದುಡಿಯುತ್ತಿದ್ದ ದಿನಗೂಲಿ ಹೆಂಗಸರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕೆಂದು 2000ದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈ ಕ್ಷೇತ್ರದ ಅತಿ ದೊಡ್ಡ ತೀರ್ಪು ಇದೇ ಎಂಬುದು ನನ್ನ ನಂಬಿಕೆ; ವಿಮಾನದ ಮೊಕದ್ದಮೆಗೆ ಸಿಕ್ಕ ಪ್ರಚಾರ ಇದಕ್ಕೆ ಸಿಗಲಿಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದು, ಪಿ.ಎಫ್. ಹಣ ತೆಗೆಯಲು ತಡೆ ಹಾಕಿದ್ದ ನಿಯಮವನ್ನು ವಾಪಸು ಪಡೆಯುವಂತೆ ಮಾಡಿದರು. ಮದುವೆ, ಬಾಣಂತನಗಳಿಗೆ ಕೆಲಸ ಬಿಡಬೇಕಾದವರಿಗೆ ಕೈಗಾಸು ಎಂದರೆ ಅದೊಂದೇ.

2017ರ ತಿದ್ದುಪಡಿಯಿಂದ ಮೊದಲೆರಡು ಹೆರಿಗೆಗಳಿಗೆ ರಜೆ ಇಪ್ಪತ್ತಾರು ವಾರಕ್ಕೇರಿತು. ಇದನ್ನು ಕ್ರಾಂತಿ ಎಂದವರು ಬಹಳ. ಐವತ್ತು ಮಂದಿ ನೌಕರರಿರುವಲ್ಲಿ ಶಿಶುವಿಹಾರ ಕಡ್ಡಾಯ ಎಂಬ ಅದರ ಇನ್ನೊಂದು ಮಾತು ಯಾರ ಕಿವಿಗೂ ಬೀಳಲಿಲ್ಲ. 2025ರ ನವೆಂಬರ್ 21ರಂದು ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಐವತ್ತರ ಗೆರೆ ಹಾಗೇ ಉಳಿದಿದೆ. ತೀರ್ಥಹಳ್ಳಿ, ಹೊಸನಗರದ ಪೇಟೆಬೀದಿಯಲ್ಲಿ ಐವತ್ತು ನೌಕರರಿರುವ ಅಂಗಡಿಯನ್ನು ಎಲ್ಲಿ ಹುಡುಕುವುದು?

ಅಡಿಕೆ ಸುಲಿತದ ಕಾಲದಲ್ಲಿ ಇಲ್ಲಿನ ಯಾವುದೇ ತೋಟದ ಮನೆಗೆ ಹೋಗಿ ನೋಡಿ. ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತಿರುತ್ತಾರೆ, ಪಕ್ಕದಲ್ಲೇ ಸೀರೆಯ ಜೋಲಿಯಲ್ಲಿ ಕೂಸು. ಸುಲಿದಷ್ಟಕ್ಕೆ ಕೂಲಿ, ಮಗು ಅತ್ತಾಗ ಎದ್ದರೆ ಆ ಹೊತ್ತಿನ ಸಂಪಾದನೆ ಹೋಯಿತು. ಪ್ಲಾಂಟೇಷನ್ ಕಾಯಿದೆ ಚಹಾ, ಕಾಫಿ, ರಬ್ಬರು, ಸಿಂಕೋನ, ಏಲಕ್ಕಿಗಳನ್ನು ಹೆಸರಿಸಿತು, ಅಡಿಕೆಯನ್ನು ಕೈಬಿಟ್ಟಿತು. ಕೊಪ್ಪದ ದೊಡ್ಡ ಕಾಫಿ ಎಸ್ಟೇಟಿನಲ್ಲಿ ದುಡಿಯುವವಳಿಗೆ ಕಾಗದದ ಮೇಲಾದರೂ ಇರುವ ಶಿಶುವಿಹಾರ ಇವಳಿಗೆ ಅಲ್ಲೂ ಇಲ್ಲ.

ಅಂಗನವಾಡಿ ಇದೆಯಲ್ಲ ಎನ್ನುವವರಿದ್ದಾರೆ. 1975ರಲ್ಲಿ ಐಸಿಡಿಎಸ್ ಆರಂಭವಾದಾಗ ನಮ್ಮ ತಿ. ನರಸೀಪುರ ಮೊದಲ ಪ್ರಯೋಗಕ್ಷೇತ್ರಗಳಲ್ಲಿ ಒಂದು. ಆದರೆ ಕೂಸನ್ನು ಅಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮೇಲೆ. ರಜೆ ಆರು ತಿಂಗಳಿಗೇ ಮುಗಿದಿರುತ್ತದೆ. ನಡುವಿನ ಎರಡೂವರೆ ವರ್ಷ ಯಾರ ಹೊಣೆಯೂ ಅಲ್ಲ. 2017ರಲ್ಲಿ ಬಂದ ‘ಮಾತೃಪೂರ್ಣ’ದ ಬಿಸಿಯೂಟಕ್ಕಾಗಿ ಬಸುರಿಯರು, ಬಾಣಂತಿಯರು ಅಂಗನವಾಡಿಗೇ ನಡೆದು ಬರಬೇಕಿತ್ತು; ಗುಡ್ಡಕ್ಕೊಂದು ಮನೆಯಿರುವ ಮಲೆನಾಡಿನ ಪಾಡು ಯೋಜನೆ ಬರೆದವರಿಗೆ ತಿಳಿದಿರಲಿಲ್ಲ. ಊರ ಮಕ್ಕಳನ್ನೆಲ್ಲ ಸಾಕುವ ಅಂಗನವಾಡಿ ಕಾರ್ಯಕರ್ತೆಯದು ಸರ್ಕಾರಿ ಹುದ್ದೆಯಲ್ಲ ಎಂದು, ಕರ್ನಾಟಕದಿಂದಲೇ ಹೋದ ಅಮೀರ್‌ಬೀ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಗ್ರಾಚ್ಯುಟಿಯ ಹಕ್ಕು ದಕ್ಕಲು 2022ರವರೆಗೆ ಕಾಯಬೇಕಾಯಿತು.

ಸರ್ಕಾರಿ ನೌಕರಿಯ ಹೆಂಗಸರ ಪಾಡು ಎಷ್ಟೋ ವಾಸಿ. 2021ರ ರಾಜ್ಯ ಬಜೆಟ್ ಅವರಿಗೆ ಆರು ತಿಂಗಳ ಶಿಶುಪಾಲನಾ ರಜೆ ಘೋಷಿಸಿತು. ಆದರೂ ಬಡ್ತಿಯ ಜೊತೆ ದೂರದೂರಿಗೆ ವರ್ಗಾವಣೆ ಬರುತ್ತದೆಂದು ಬಡ್ತಿಯನ್ನೇ ಬೇಡವೆನ್ನುವ ಶಿಕ್ಷಕಿಯರು ನಮ್ಮಲ್ಲಿದ್ದಾರೆ. ಹೆರಿಗೆ ರಜೆಯಲ್ಲಿದ್ದಾಗ ವಜಾ ಮಾಡಬಾರದೆಂದ 1961ರ ಕಾಯಿದೆ ಬಡ್ತಿಯ ಬಗ್ಗೆ ಒಂದು ಮಾತನ್ನೂ ಆಡಿರಲಿಲ್ಲ.

2023ರ ಬಜೆಟ್ಟಿನಲ್ಲಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಿಗೆಂದು ಘೋಷಣೆಯಾದ ‘ಕೂಸಿನ ಮನೆ’, ಆ ಎರಡೂವರೆ ವರ್ಷದ ಕಡೆಗೆ ಸರ್ಕಾರ ನೆಟ್ಟಗೆ ನೋಡಿದ ಅಪರೂಪದ ಪ್ರಯತ್ನ. ನರೇಗಾ ಕೂಲಿಯ ತಾಯಂದಿರಿಗಾಗಿ ಹುಟ್ಟಿದ ಅದರ ಬಾಗಿಲು ಅಡಿಕೆ ಸುಲಿಯುವವಳಿಗೂ, ಅಂಗಡಿಯ ಹುಡುಗಿಗೂ ತೆರೆಯಬೇಕು. ಸುಲಿತದ ತಿಂಗಳುಗಳಲ್ಲಿ ಅದು ಬೆಳಿಗ್ಗೆ ಬೇಗ ತೆರೆದು ಕತ್ತಲಾಗುವವರೆಗೂ ನಡೆಯಬೇಕು. ಮಗು ನೋಡಿಕೊಳ್ಳುವವಳ ಕೆಲಸ ಸಂಬಳ, ಬಡ್ತಿಗಳಿರುವ ಕಾಯಂ ಹುದ್ದೆಯಾಗಬೇಕು. ಆಕೆಯೂ ದುಡಿಯುವ ತಾಯಿಯೇ. ರಜೆಗೆ ಇನ್ನಷ್ಟು ವಾರ ಸೇರಿಸುವ ಮೊದಲು ಆಗಬೇಕಾದದ್ದು ಇಷ್ಟು.