ಕಿಂದರಿಜೋಗಿ ಬಂದದ್ದು ಯಾವ ಬೊಮ್ಮನಹಳ್ಳಿಗೆ?

ಹಗರಿಬೊಮ್ಮನಹಳ್ಳಿಯ ಮಕ್ಕಳಿಗೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಓದಿ ಹೇಳುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ, ಅಷ್ಟು ಕಷ್ಟದ್ದೂ ಇಲ್ಲ. ಸುಲಭ ಯಾಕೆಂದರೆ, ಊರ ಹೆಸರು ಕಿವಿಗೆ ಬಿದ್ದ ಕೂಡಲೇ ಹಿಂದಿನ ಸಾಲಿನ ತುಂಟರೂ ನೆಟ್ಟಗೆ ಕೂಡುತ್ತಾರೆ. ಕಷ್ಟ ಯಾಕೆಂದರೆ, ಆಮೇಲೆ ಬರುವ ಪ್ರಶ್ನೆಗಳು. “ಜೋಗಿ ಕೂಡ್ಲಿಗಿ ಕಡೆಯಿಂದ ಬಂದನೋ ಹಡಗಲಿ ಕಡೆಯಿಂದಲೋ ಅಕ್ಕೋರೆ?” “ಮಕ್ಕಳು ಹೋಗಿದ್ದು ಯಾವ ಗುಡ್ಡಕ್ಕೆ?” “ಇಲಿ ಎಲ್ಲಾ ಹೊಳೆಗೆ ಬಿದ್ದು ಸತ್ತಿದ್ರೆ ನಮ್ಮನೇಲಿ ಇನ್ನೂ ಯಾಕೆ ಅದಾವೆ?” ಕೊನೆಯ ಪ್ರಶ್ನೆಗೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ.

ಕುವೆಂಪು ತಮ್ಮ ಬೊಮ್ಮನಹಳ್ಳಿಯನ್ನು ಇಟ್ಟದ್ದು ತುಂಗೆಯ ದಂಡೆಯ ಮೇಲೆ. ನಮ್ಮದು ಹಗರಿಯ ದಂಡೆ. ಮಳೆ ಬಂದರೆ ಹೊಳೆ, ಬಾರದಿದ್ದರೆ ಮರಳು. ಅದಕ್ಕೂ ಹಿಂದೆ ಕಥೆ ಜರ್ಮನಿಯ ಹ್ಯಾಮೆಲಿನ್ ಎಂಬ ಊರಿನದು. 1842ರಲ್ಲಿ ಅದನ್ನು ಇಂಗ್ಲಿಷಿನಲ್ಲಿ ಪದ್ಯವಾಗಿ ಅಚ್ಚಿಗೆ ಕೊಟ್ಟವನು ರಾಬರ್ಟ್ ಬ್ರೌನಿಂಗ್. ಅವನ ಗೆಳೆಯ, ನಾಟಕದ ನಟ ಮ್ಯಾಕ್ರೆಡಿಯ ಚಿಕ್ಕ ಮಗ ಕಾಯಿಲೆ ಬಿದ್ದು ಮಲಗಿದ್ದ. ಹುಡುಗನಿಗೆ ಚಿತ್ರ ಬರೆಯುವ ಹುಚ್ಚು. ಅವನು ಚಿತ್ರ ಬಿಡಿಸಿಕೊಂಡು ಹೊತ್ತು ಕಳೆಯಲಿ ಎಂದೇ ಬ್ರೌನಿಂಗ್ ಈ ಪದ್ಯ ಬರೆದುಕೊಟ್ಟ. ಇದನ್ನು ಹೇಳಿದಾಗ ನನ್ನ ತರಗತಿಯಲ್ಲಿ ಇಲಿಗಳ ಸುದ್ದಿಯೇ ನಿಂತುಹೋಯಿತು. “ಹಂಗಾದ್ರೆ ಪುಸ್ತಕ ಮಾಡೋರು ಇರ್ತಾರಾ?” ಎಂದು ಒಬ್ಬಳು ಕೇಳಿದಳು. ಅವಳ ಲೆಕ್ಕದಲ್ಲಿ ಪುಸ್ತಕ ಕೊಡುವುದು ಸರ್ಕಾರ. ಬಿಸಿಯೂಟ, ಸೈಕಲ್ಲು, ಸಮವಸ್ತ್ರ ಎಲ್ಲ ಕೊಡುವ ಹಾಗೆ ಇದನ್ನೂ ಕೊಡುತ್ತದೆ. ಅದರ ಹಿಂದೆ ಒಬ್ಬ ಮನುಷ್ಯ, ಅವನ ಮುಂದೆ ಒಂದು ಕಾಯಿಲೆಯ ಮಗು ಇರಬಹುದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅಂದಿನಿಂದ ನನಗೆ ಒಂದು ಗೀಳು ಹತ್ತಿತು. ನಮ್ಮ ಈ ಐದು ತಾಲ್ಲೂಕುಗಳಿಗೆ, ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗೆ, ಮಕ್ಕಳ ಪುಸ್ತಕಗಳು ಯಾವ ದಾರಿಯಿಂದ ಬಂದವು, ಮಾಡಿದವರು ಯಾರು?

ನಮ್ಮ ಸೀಮೆಯ ಹಣೆಬರಹ ನಿಮಗೆ ಗೊತ್ತೇ ಇದೆ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆ ಮದ್ರಾಸಿನ ಆಡಳಿತದಲ್ಲಿತ್ತು. ಅಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ಆ ಕಡೆ ಹೋದವು, ನಾವು ಮೈಸೂರಿಗೆ ಬಂದೆವು. ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆಗೆ ಕೊಟ್ಟರು, ಆಮೇಲೆ ಬಳ್ಳಾರಿಗೆ ಮರಳಿಸಿದರು. 2021ರಿಂದ ನಾವೆಲ್ಲ ವಿಜಯನಗರ ಜಿಲ್ಲೆ. ಗಂಡನ ಮನೆ, ತವರುಮನೆ ಎಂದು ತಿರುಗುವ ಹೆಣ್ಣುಮಗಳ ಹಾಗೆ ಹರಪನಹಳ್ಳಿ ತಿರುಗಿತು.

ಪುಸ್ತಕಗಳು ಮಾತ್ರ ಜಾತ್ರೆಯ ದಾರಿಯಿಂದ ಬಂದವು. ಕೊಟ್ಟೂರೇಶ್ವರನ ತೇರು, ಮೈಲಾರದ ಕಾರಣಿಕ. ಬಳೆ ಅಂಗಡಿಗೂ ಬೆಂಡು ಬತ್ತಾಸಿನ ಅಂಗಡಿಗೂ ನಡುವೆ ನೆಲಕ್ಕೆ ಗೋಣಿತಟ್ಟು ಹಾಸಿ ಪಂಚಾಂಗ, ಭಜನೆ ಹಾಡು, ನಾಟಕದ ಪುಸ್ತಕಗಳ ಜೊತೆ ಅಂಕಲಿಪಿ ಹರವಿರುತ್ತಿದ್ದರು. ಓದು ಬಾರದ ನಮ್ಮವ್ವ ನನಗೆ ಅಂಕಲಿಪಿ ತಂದದ್ದು ಕೊಟ್ಟೂರು ತೇರಿನಿಂದ, ಮಂಡಕ್ಕಿ ಮೆಣಸಿನಕಾಯಿಯ ಜೊತೆ ಒಂದೇ ಚೀಲದಲ್ಲಿ. ಎಣ್ಣೆ ಹತ್ತಿದ ಆ ರಟ್ಟಿನ ಮೇಲೆ ಗದಗಿನ ಪ್ರೆಸ್ಸಿನ ಹೆಸರಿತ್ತು. ಬರೆದವರ ಹೆಸರಿಲ್ಲ. ಆನೆಯನ್ನೂ ಇಲಿಯನ್ನೂ ಒಂದೇ ಅಳತೆಗೆ ಬರೆದ ಆ ಚಿತ್ರಗಾರ ಯಾರೋ! ನಮ್ಮ ಕಡೆ ಸಾವಿರಾರು ಮಕ್ಕಳು ಮೊದಲು ಕಂಡ ಚಿತ್ರ ಅವನದೇ. ಅಂಕಲಿಪಿಯನ್ನು ಕೊಂಡವರಲ್ಲಿ ಹೆಚ್ಚಿನವರು ಅಕ್ಷರ ಬಾರದ ತಾಯಂದಿರು ಎಂಬುದನ್ನೂ ಯಾವ ಸಾಹಿತ್ಯ ಚರಿತ್ರೆಯೂ ಬರೆದಿಲ್ಲ.

ಮದ್ರಾಸಿನ ಆಡಳಿತದಲ್ಲಿದ್ದುದರಿಂದ ನಮಗೆ ಆದ ಒಂದು ಲಾಭ ಮಂಗಳೂರು. ಅದೂ ಅದೇ ಪ್ರಾಂತ್ಯದಲ್ಲಿತ್ತು. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಶಾಲಾ ಇನ್‌ಸ್ಪೆಕ್ಟರಾಗಿ ಕೆಲಸ ಮಾಡಿದವರು. ಮಕ್ಕಳು ಏನನ್ನು ಓದುತ್ತಿದ್ದಾರೆ, ಯಾವುದಕ್ಕೆ ಆಕಳಿಸುತ್ತಿದ್ದಾರೆ ಎಂದು ಕಣ್ಣಾರೆ ಕಂಡಿದ್ದರು. ಅವರೂ ಗೆಳೆಯರೂ ಸೇರಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ತಮಾಷೆ ಎಂದರೆ ಅವರಿಗೂ ಹೆಸರು ಮರೆಸುವ ಹಂಬಲ. ಪದ್ಯಗಳಿಗೆ ‘ಕವಿಶಿಷ್ಯ’ ಎಂದು ಸಹಿ ಹಾಕಿದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಬಂದಾಗ ನಮ್ಮ ಹೊಳೆಯಾಚೆಯ ಜನ ಆ ಶಿಷ್ಯರನ್ನು ಕಂಡರು.

ಪಂಜೆಯವರ ‘ಮೂರು ಕರಡಿಗಳು’ ಕಥೆಯನ್ನು ನಾನು ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೇಳಿದ್ದೇನೆ. ಮೂಲದಲ್ಲಿ ಅದು ಇಂಗ್ಲೆಂಡಿನ ಕಥೆ. 1837ರಲ್ಲಿ ರಾಬರ್ಟ್ ಸೌದಿ ಬರೆದಾಗ ಕರಡಿಯ ಮನೆಗೆ ನುಗ್ಗುವವಳು ಒಬ್ಬ ಮುದುಕಿ. ಮುದ್ದು ಹುಡುಗಿಯಾಗಿ ಬದಲಾದದ್ದು ಆಮೇಲೆ. (ಮುದುಕಿಯರಿಗೆ ಕಥೆಯಲ್ಲೂ ಜಾಗ ಕೊಡುವುದಿಲ್ಲ ನೋಡಿ.) ಆದರೆ ಕೂಡ್ಲಿಗಿಯ ಮಕ್ಕಳಿಗೆ ಕರಡಿ ಎಂದರೆ ಕಥೆಯಲ್ಲ. ಗುಡೇಕೋಟೆಯ ಬಂಡೆಗಳ ನಡುವೆ ಕರಡಿಗಳ ಬೀಡೇ ಇದೆ. 2013ರಲ್ಲಿ ಅದನ್ನು ಕರಡಿಧಾಮ ಎಂದು ಘೋಷಿಸಿದರು. ರಾತ್ರಿ ಹೊಲಕ್ಕೆ ಕಾವಲು ಹೋಗುವ ಅಪ್ಪಂದಿರ ಮಕ್ಕಳು ಅವರು. “ಕರಡಿ ಕುರ್ಚಿ ಮ್ಯಾಲೆ ಕುಂತು ಗಂಜಿ ಕುಡೀತದಾ?” ಎಂದು ಒಬ್ಬ ಹುಡುಗ ನಕ್ಕೇ ನಕ್ಕ. ಆಮೇಲೆ ಬಲು ಗಂಭೀರವಾಗಿ, “ಇದನ್ನ ಬರೆದೋರು ಕರಡಿ ನೋಡಿಲ್ಲ ಬಿಡ್ರಿ” ಎಂದ. ವಿಮರ್ಶೆ ಅಂದರೆ ಅದು! ಹುತ್ತ ಅಗೆದು ಗೆದ್ದಲು ಹೀರುವ, ಮರಿಯನ್ನು ಬೆನ್ನ ಮೇಲೆ ಹೊತ್ತು ನಡೆಯುವ ನಮ್ಮ ಗುಡ್ಡದ ತಾಯಿಕರಡಿಯ ಕಥೆಯನ್ನು ಕನ್ನಡದಲ್ಲಿ ಮಕ್ಕಳಿಗಾಗಿ ಬರೆದ ಪುಸ್ತಕಕ್ಕೆ ನಾನು ಅಂದಿನಿಂದ ಹುಡುಕುತ್ತಲೇ ಇದ್ದೇನೆ.

ಶಿವರಾಮ ಕಾರಂತರ ‘ಬಾಲಪ್ರಪಂಚ’ 1936ರಲ್ಲಿ ಮೂರು ಸಂಪುಟಗಳಲ್ಲಿ ಬಂತು. ಜಗತ್ತಿನ ವಿಷಯವನ್ನೆಲ್ಲ ಕನ್ನಡದ ಮಕ್ಕಳಿಗೆ ಒಬ್ಬರೇ ಕೂತು ಹೇಳಹೊರಟ ಸಾಹಸ. ಆದರೆ ಅಂಥ ದಪ್ಪ ಪುಸ್ತಕ ಹಳ್ಳಿಯ ಶಾಲೆಯಲ್ಲಿ ಬೀರುವಿನ ಒಳಗೇ ಇರುತ್ತದೆ. ಕಳೆದುಹೋದರೆ ಮೇಷ್ಟ್ರ ಸಂಬಳದಲ್ಲಿ ಹಿಡಿಯುತ್ತಾರಲ್ಲ! ಬೀಗ ಇಲ್ಲದೆ ಮನೆಮನೆಗೆ ಬಂದವರು ಜಿ.ಪಿ. ರಾಜರತ್ನಂ. ಚಿಕ್ಕ ಮಕ್ಕಳಿಗೆ ಪಾಠ ಹೇಳಿದ ಅನುಭವದಿಂದ ಹುಟ್ಟಿದ ಅವರ ಶಿಶುಗೀತೆಗಳು ಪುಸ್ತಕವಿಲ್ಲದೆಯೂ ಬದುಕಿದವು. ನಾಯಿಮರಿಯ ಹಾಡನ್ನು ಹೇಳದ ತಾಯಿ ನಮ್ಮಲ್ಲಿ ಯಾರಿದ್ದಾರೆ? ಆದರೆ ಅದನ್ನು ಬರೆದವರ ಹೆಸರು ಹೇಳಿ ಎಂದರೆ ಹತ್ತರಲ್ಲಿ ಎಂಟು ಜನ “ಹಳೇ ಕಾಲದ್ದು” ಎನ್ನುತ್ತಾರೆ. ರಾಜರತ್ನಂ ತೀರಿಕೊಂಡದ್ದು 1979ರಲ್ಲಿ, ಅಷ್ಟೇನೂ ಹಳೆಯ ಕಾಲವಲ್ಲ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿಯವರ ಕಥೆಯೂ ಇದೇ. ತಿಮ್ಮನ ನಗೆಹನಿಗಳನ್ನು ಅವರು ಮಕ್ಕಳಿಗೆಂದು ಬರೆಯಲಿಲ್ಲ, ಮಕ್ಕಳು ಬಿಡಲಿಲ್ಲ. ತಿಮ್ಮ ಗೊತ್ತು, ಅವನ ತಂದೆ ನಮ್ಮೂರವರೆಂದು ಹರಪನಹಳ್ಳಿಯ ಎಷ್ಟು ಮಕ್ಕಳಿಗೆ ಗೊತ್ತು?

ಹೆಸರಿನ ವಿಷಯ ಬಂದರೆ ‘ಚಂದಮಾಮ’ವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1947ರಲ್ಲಿ ಮದ್ರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಶುರುವಾದ ಅದು 1949ರಲ್ಲಿ ಕನ್ನಡಕ್ಕೂ ಬಂತು. ನಡೆಸಿದವರು ಬಿ. ನಾಗಿರೆಡ್ಡಿ, ಚಕ್ರಪಾಣಿ. ಕಥೆ ಒಂದೇ, ಚಿತ್ರ ಒಂದೇ, ಅಕ್ಷರ ಮಾತ್ರ ಬೇರೆ. 1953ರಲ್ಲಿ ಗಡಿ ಎಳೆದು ರಾಯದುರ್ಗವನ್ನು ನಮ್ಮಿಂದ ಬೇರೆ ಮಾಡಿದ ಮೇಲೂ ಅಲ್ಲಿಯ ಹುಡುಗಿ ತೆಲುಗಿನಲ್ಲಿ, ಕೂಡ್ಲಿಗಿಯ ಹುಡುಗಿ ಕನ್ನಡದಲ್ಲಿ ಒಂದೇ ತಿಂಗಳು ಒಂದೇ ಬೇತಾಳನನ್ನು ನೋಡುತ್ತಿದ್ದರು. ನಮ್ಮ ಹಳ್ಳಿಯಲ್ಲಿ ಒಂದು ಸಂಚಿಕೆ ಹತ್ತು ಮನೆ ತಿರುಗುತ್ತಿತ್ತು. ಮಧ್ಯಾಹ್ನ ಕೆಲಸ ಮುಗಿಸಿ ಕೂತ ಚಿಕ್ಕಮ್ಮಂದಿರು ಮೊದಲು ಓದಿ, ಆಮೇಲೆ ನಮ್ಮ ಕೈಗೆ.

ಆ ಬೇತಾಳನನ್ನು ಬರೆದವರು ಕೆ.ಸಿ. ಶಿವಶಂಕರನ್. ಚಿತ್ರದ ಮೂಲೆಯಲ್ಲಿ ‘ಶಂಕರ್’ ಎಂದಿರುತ್ತಿತ್ತು. ಹೆಗಲ ಮೇಲೆ ಹೆಣ ಹೊತ್ತು, ಕತ್ತಿ ಹಿರಿದು ನಡೆಯುವ ವಿಕ್ರಮ ಅವರ ಕೈಯದು. 1950ರ ದಶಕದ ಆರಂಭದಲ್ಲಿ ಚಂದಮಾಮ ಸೇರಿದವರು ಪತ್ರಿಕೆಯ ಕೊನೆಯ ದಿನಗಳವರೆಗೂ ಅದಕ್ಕೇ ಬರೆದರು. 2013ರ ಹೊತ್ತಿಗೆ ಪತ್ರಿಕೆಯ ಅಚ್ಚು ನಿಂತಿತು, 2020ರಲ್ಲಿ ಶಂಕರ್ ತೀರಿಕೊಂಡರು. ಅವರಿಗಾದರೂ ಮೂಲೆಯ ಸಹಿ ಇತ್ತು. ತಿಂಗಳುಗಟ್ಟಲೆ ನಮ್ಮ ನಿದ್ದೆ ಕೆಡಿಸಿದ ಮಾಂತ್ರಿಕರ, ಪಾಳು ಕೋಟೆಗಳ ಧಾರಾವಾಹಿಗಳಿದ್ದವಲ್ಲ, ಅವುಗಳಲ್ಲಿ ಬಹಳಷ್ಟನ್ನು ಬರೆದವರು ದಾಸರಿ ಸುಬ್ರಹ್ಮಣ್ಯಂ ಎಂಬ ತೆಲುಗು ಲೇಖಕರು. ಪತ್ರಿಕೆಯ ಕಚೇರಿಯಲ್ಲೇ ಕೆಲಸದಲ್ಲಿದ್ದರು. ಕಥೆಯ ಮೇಲೆ ಅವರ ಹೆಸರೇ ಇರುತ್ತಿರಲಿಲ್ಲ. ಕನ್ನಡಕ್ಕೆ ತಂದವರ ಹೆಸರಂತೂ ದೂರ. 2010ರಲ್ಲಿ ದಾಸರಿಯವರು ಹೋದಾಗ, ಅವರ ಕಥೆ ಓದಿ ಬೆಳೆದ ನಮ್ಮ ಕಡೆಯ ಮಂದಿ ಒಂದು ನಿಟ್ಟುಸಿರನ್ನೂ ಬಿಡಲಿಲ್ಲ. ಯಾರೆಂದು ಬಿಡಬೇಕು?

‘ಅಮರ ಚಿತ್ರಕಥೆ’ಯ ಸರಣಿ ಮೊದಲು ಬಂದದ್ದು ಕನ್ನಡದಲ್ಲಿ ಎಂದರೆ ಹಲವರು ನಂಬುವುದಿಲ್ಲ. 1965ರಲ್ಲಿ ಬೆಂಗಳೂರಿನಲ್ಲಿ ಜಿ.ಕೆ. ಅನಂತರಾಮ್ ಅವರು ಹೊರತಂದ ಮೊದಲ ಹತ್ತು ಪುಸ್ತಕಗಳು ಸಿಂಡ್ರೆಲಾಳಂಥ ಪರದೇಶದ ಕಥೆಗಳು. 1970ರ ದಶಕದಲ್ಲಿ ರಾಷ್ಟ್ರೋತ್ಥಾನದ ‘ಭಾರತ ಭಾರತಿ’ ಮಾಲೆ ಬಂತು, ಎಲ್.ಎಸ್. ಶೇಷಗಿರಿರಾಯರ ಸಂಪಾದನೆಯಲ್ಲಿ 510 ಪುಟ್ಟ ಪುಸ್ತಕಗಳು. ಭಾಷಣ ಸ್ಪರ್ಧೆಯ ಬಹುಮಾನ ಎಂದರೆ ಅವೇ. ರಷ್ಯಾದಿಂದ ಬಂದ ನುಣುಪು ಕಾಗದದ ಬಣ್ಣದ ಪುಸ್ತಕಗಳನ್ನೂ ಮರೆಯುವಂತಿಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾದಾಗ ಅವೂ ನಿಂತವು.

ನನ್ನ ಮಟ್ಟಿಗೆ, ಮುಖ ಇರುವ ಮೊದಲ ಲೇಖಕಿ ಅನುಪಮಾ ನಿರಂಜನ. ಡಾಕ್ಟರು. ಅವರ ‘ವಧುವಿಗೆ ಕಿವಿಮಾತು’, ‘ತಾಯಿ ಮಗು’ ಪುಸ್ತಕಗಳು ಮದುವೆಯ, ಬಾಣಂತನದ ಮನೆಗಳಿಗೆ ಉಡುಗೊರೆಯಾಗಿ ಹೋಗುತ್ತಿದ್ದ ಕಾಲ. ಅದೇ ಕೈ ‘ದಿನಕ್ಕೊಂದು ಕಥೆ’ ಬರೆದಿದೆ: ತಿಂಗಳಿಗೊಂದರಂತೆ 12 ಸಂಪುಟ, ವರ್ಷದ ಪ್ರತಿ ದಿನಕ್ಕೂ ಒಂದು. ನಮ್ಮ ತಾಲ್ಲೂಕಿನ ಒಂದು ಮನೆಯಲ್ಲಿ ಸೊಸೆಗೆ ಬಂದ ಕಿವಿಮಾತಿನ ಪುಸ್ತಕವೂ, ಆ ಸೊಸೆಯ ಮಗಳಿಗೆ ತಂದ ಕಥೆಯ ಸಂಪುಟವೂ ಒಂದೇ ಗೂಡಿನಲ್ಲಿ ಇದ್ದುದನ್ನು ನೋಡಿದ್ದೇನೆ. ಎರಡೂ ರಟ್ಟು ಕಿತ್ತುಹೋಗುವಷ್ಟು ಓದಿಸಿಕೊಂಡಿದ್ದವು. ಕ್ಯಾನ್ಸರಿನೊಡನೆ ಹೋರಾಡಿ ಅನುಪಮಾ ಅವರು 1991ರಲ್ಲಿ ತೀರಿಕೊಂಡಾಗ ನಾವು ನಾಲ್ಕು ಜನ ಗೆಳತಿಯರು ಹೆಸರು ಹಿಡಿದು ಅತ್ತೆವು. ದಾಸರಿಯವರಿಗೆ ಇಲ್ಲದ ಭಾಗ್ಯ ಅದು.

ಈಗ ಕಾಲ ಬದಲಾಗಿದೆ. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್‌ನ ತೆಳು ಪುಸ್ತಕಗಳಲ್ಲಿ ಬರೆದವರ ಜೊತೆಗೆ ಚಿತ್ರ ಬಿಡಿಸಿದವರ, ಕನ್ನಡಕ್ಕೆ ತಂದವರ ಹೆಸರೂ ಇರುತ್ತದೆ. ಕೊನೆಯಲ್ಲಿ ಅವರು ಯಾರು ಎಂದು ನಾಲ್ಕು ಸಾಲು. ಮಕ್ಕಳು ಕಥೆಗಿಂತ ಮುಂಚೆ ಆ ಸಾಲುಗಳನ್ನು ಓದುವುದನ್ನು ನಾನು ಕಂಡಿದ್ದೇನೆ. ‘ಇವರಿಗೆ ಬೆಕ್ಕು ಅಂದರೆ ಇಷ್ಟ’ ಎಂಬಂಥ ಒಂದು ಮಾತಿದ್ದರೆ ಸಾಕು, ಆ ಲೇಖಕಿ ಅವರ ಓಣಿಯವಳೇ ಆಗಿಬಿಡುತ್ತಾಳೆ. 2010ರಿಂದ ಕೇಂದ್ರ ಸಾಹಿತ್ಯ ಅಕಾಡೆಮಿ ಮಕ್ಕಳ ಸಾಹಿತ್ಯಕ್ಕೆಂದೇ ಪುರಸ್ಕಾರ ಕೊಡುತ್ತಿದೆ. ಕನ್ನಡದಲ್ಲಿ ಮೊದಲು ಪಡೆದದ್ದು ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕತೆ’. ಗಾಂಧೀಜಿಯ ಚಿತಾಭಸ್ಮದ ಸ್ಮಾರಕ ಇರುವುದು ನಮ್ಮ ಕೂಡ್ಲಿಗಿಯಲ್ಲಿ. ಅಕ್ಟೋಬರ್ 2ರಂದು ಅಲ್ಲಿ ಸಾಲಾಗಿ ನಿಲ್ಲಿಸಿದ ಮಕ್ಕಳ ಕೈಗೆ ಬಾವುಟದ ಬದಲು ಆ ಪುಸ್ತಕ ಕೊಡಬಾರದೇ ಎಂದು ನನಗೆ ಪ್ರತಿ ವರ್ಷ ಅನ್ನಿಸುತ್ತದೆ.

2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ಗೆ ಆ ಪುರಸ್ಕಾರ ಸಿಕ್ಕಿತು. 2025ರಲ್ಲಿ ಕೆ. ಶಿವಲಿಂಗಪ್ಪ ಹಂದಿಹಾಳು ಅವರ ‘ನೋಟ್ ಬುಕ್’ ಎಂಬ ಕಥೆಗಳ ಪುಸ್ತಕಕ್ಕೆ. ಹಂದಿಹಾಳು ಇರುವುದು ಬಳ್ಳಾರಿ ಸೀಮೆಯಲ್ಲಿ. ಪತ್ರಿಕೆಯಲ್ಲಿ ಓದಿದಾಗ ನನಗೆ ನಮ್ಮ ಬಳಗದ ಹುಡುಗನೇ ಗೆದ್ದಷ್ಟು ಹಿಗ್ಗು. ಮಕ್ಕಳಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ: “ಬಸ್ಸಿನಾಗೆ ಹೋಗಿ ಬರಬಹುದಾ ಅವರ ಊರಿಗೆ?” ಹೋಗಿಬರಬಹುದು. ಇದು ಹ್ಯಾಮೆಲಿನ್ ಅಲ್ಲ, ಮದ್ರಾಸಲ್ಲ.

2020ರ ನವೆಂಬರ್ 14ರಂದು ‘ಓದುವ ಬೆಳಕು’ ಎಂದು ಸರ್ಕಾರ ಹಳ್ಳಿಯ ಗ್ರಂಥಾಲಯಗಳ ಬಾಗಿಲನ್ನು ಮಕ್ಕಳಿಗೆ ತೆರೆದ ಮೇಲೆ, ನಿವೃತ್ತಳಾದ ನನಗೂ ಸಂಜೆ ಹೋಗಿ ಕೂಡಲು ಒಂದು ಜಾಗವಾಯಿತು. ನಮ್ಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ರಿಜಿಸ್ಟರಿಗೆ ಕ್ರಮಸಂಖ್ಯೆ, ಪುಸ್ತಕದ ಹೆಸರು, ಒಯ್ದವರ ಹೆಸರು, ತಾರೀಕು, ಷರಾ ಎಂದು ಐದು ಕಲಮು. ಲೇಖಕರಿಗೆ ಕಲಮಿಲ್ಲ. ಆರನೇ ತರಗತಿಯ ಒಬ್ಬಳು ಹುಡುಗಿ, ಅಕ್ಷರ ದುಂಡಗೆಂದು ಬರೆಯುವ ಕೆಲಸ ಅವಳಿಗೇ ಬಿದ್ದಿದೆ, ಪುಸ್ತಕದ ಹೆಸರಿನ ಕೆಳಗೆ ಜಾಗ ಮಾಡಿಕೊಂಡು ಸಣ್ಣದಾಗಿ ಬರೆದವರ ಹೆಸರು, ಚಿತ್ರದವರ ಹೆಸರು ಸೇರಿಸುತ್ತಿದ್ದಾಳೆ. ಮೊನ್ನೆ ಯಾರೋ ಜಾತ್ರೆಯಿಂದ ತಂದುಕೊಟ್ಟ ಒಂದು ಅಂಕಲಿಪಿ ಬಂತು. ಹಿಂದೆ ಮುಂದೆ ತಿರುವಿ ನೋಡಿದಳು, ಷರಾ ಕಲಮಿನಲ್ಲಿ ಬರೆದಳು: “ಚಿತ್ರ ಬರೆದವರ ಹೆಸರು ಹಾಕಿಲ್ಲ. ಕೇಳಬೇಕು.”