ಸುಟ್ಟವು, ಮುಳ್ಕ, ಗಾರಿಗೆ: ಒಂದು ತಿಂಡಿಯ ಮೂಲವಿಚಾರ

ಪುತ್ತೂರು, ಸುಳ್ಯ, ಕಡಬ ಸೀಮೆಗಳಲ್ಲಿ ಮಳೆಗಾಲ ಹಿಡಿಯಿತೆಂದರೆ ಹಲಸಿನ ಹಣ್ಣಿನ ಒಂದು ಸಿಹಿ ತಿಂಡಿಯು ಮನೆಮನೆಗಳಲ್ಲಿ ಸಿದ್ಧವಾಗುವುದು. ನೆನೆದ ಬೆಳ್ತಿಗೆ ಅಕ್ಕಿಯನ್ನು ನೀರು ಬೆರಸದೆ ಹಣ್ಣಿನೊಡನೆ ಅರೆದು, ಬೆಲ್ಲ, ತೆಂಗಿನಕಾಯಿ, ಎಳ್ಳು, ಏಲಕ್ಕಿಗಳನ್ನು ಕೂಡಿಸಿ, ಬೆರಳುಗಳಿಂದ ಸಣ್ಣ ಸಣ್ಣದಾಗಿ ಕಾದ ತೆಂಗಿನೆಣ್ಣೆಗೆ ಬಿಟ್ಟು ಕರಿಯುವುದೇ ಇದರ ಕ್ರಮ. ಹವ್ಯಕರ ಮನೆಗಳಲ್ಲಿ ಇದು ಸುಟ್ಟವು, ಕೆಲವೆಡೆ ಮುಳ್ಕ. ತುಳುವರಿಗೆ ಇದು ಗಾರಿ ಅಥವಾ ಗಾರಿಗೆ, ಕೊಂಕಣಿಗರಿಗೆ ಮುಳಿಕ. ವಸ್ತು ಒಂದೇ, ಹೆಸರುಗಳು ಹಲವು. ಹೆಸರು ಹಲವಾದಂತೆ ಹಕ್ಕುದಾರರೂ ಹಲವರಾಗಿದ್ದಾರೆ. ‘ಇದು ನಮ್ಮವರದು, ಮಿಕ್ಕವರು ನಮ್ಮಿಂದ ಕಲಿತರು’ ಎಂಬ ಮಾತನ್ನು ಪ್ರತಿಯೊಂದು ಪಂಗಡದವರೂ ಆಡುವುದುಂಟು. ಈ ವಾದದಲ್ಲಿ ಪ್ರಮಾಣವೆಷ್ಟು ಎಂಬುದನ್ನು ಸ್ವಲ್ಪ ಪರಿಶೀಲಿಸೋಣ.

ಮೊದಲು ಗಾರಿಗೆಯನ್ನು ತೆಗೆದುಕೊಳ್ಳೋಣ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ‘ಘಾರಿಕಾ’ ಎಂಬ ಭಕ್ಷ್ಯವಿದೆ. ಆದರೆ ಅದು ಉದ್ದಿನಿಂದ ಮಾಡಿ ಕರಿದ ವಡೆ. ಅದರಲ್ಲಿ ಹಲಸಿನ ಸುಳಿವೇ ಇಲ್ಲ. ಇಂದಿಗೂ ತೆಲುಗರ ‘ಗಾರೆ’ ಉದ್ದಿನ ವಡೆಯೇ. ಮರಾಠಿಗರ ‘ಘಾರಗೆ’ಯಾದರೋ ಸಿಹಿಗುಂಬಳಕಾಯಿ ಬೆಲ್ಲಗಳಿಂದಾದ ಸಿಹಿ ಪೂರಿ. ನಮ್ಮಲ್ಲಿ ಅದೇ ಹೆಸರು ಹಲಸಿಗೆ ಅಂಟಿಕೊಂಡಿದೆ. ಈ ಎಲ್ಲವಕ್ಕೂ ಸಮಾನವಾದುದು ಎಣ್ಣೆಯಲ್ಲಿ ಕರಿಯುವ ಕ್ರಿಯೆಯೊಂದೇ. ಆದುದರಿಂದ ಈ ಹೆಸರು ವಿಧಾನವನ್ನು ಸೂಚಿಸುವುದೇ ಹೊರತು ತಿಂಡಿಯ ಹುಟ್ಟೂರನ್ನಲ್ಲ. ಗಾರಿಗೆ ಎಂಬ ಶಬ್ದವು ಘಟ್ಟದ ಮೇಲಣಿಂದ ಬಂದಿತೆಂದು ಒಪ್ಪಿದರೂ ತಿಂಡಿಯೂ ಅದರ ಹಿಂದೆಯೇ ಇಳಿದು ಬಂದಿತೆನ್ನಲು ಆಧಾರವಾಗದು.

‘ಸುಟ್ಟವು’ ಎಂಬ ಹೆಸರು ಕೇಳುವವರಿಗೆ ವಿಚಿತ್ರವಾಗಿ ತೋರಬಹುದು. ಎಣ್ಣೆಯಲ್ಲಿ ಕರಿದುದನ್ನು ಸುಟ್ಟದ್ದೆನ್ನುವುದೆಂತು? ತಮಿಳರು ಇಂದಿಗೂ ವಡೆಯನ್ನು ‘ಸುಡು’ತ್ತಾರೆ, ಅಲ್ಲಿ ಆ ಧಾತುವಿಗೆ ಕರಿಯುವುದೆಂಬ ಅರ್ಥವೂ ಇದೆ. ಇದನ್ನು ನೋಡಿದರೆ ಹವ್ಯಕರ ಮಾತಿನಲ್ಲಿ ದಕ್ಷಿಣದ ಒಂದು ಹಳೆಯ ಬಳಕೆ ಉಳಿದುಕೊಂಡಿದೆಯೆಂದು ತೋರುತ್ತದೆ. ಮುಳ್ಕವು ‘ಮುಳುಗು’ ಎಂಬುದರಿಂದ ಬಂದಿರಬಹುದೆಂದು ಊಹಿಸಲಡ್ಡಿಯಿಲ್ಲ. ಆದರೆ ಊಹೆಯು ಪ್ರಮಾಣವಾಗದು. ಮೇಲಾಗಿ ಮುಳ್ಕವನ್ನು ಬಾಳೆಹಣ್ಣಿನಿಂದಲೂ ಸೌತೆಕಾಯಿಯಿಂದಲೂ ಮಾಡುವರಾದ್ದರಿಂದ, ಆ ಹೆಸರೂ ಹಲಸಿನ ಸ್ವತ್ತಲ್ಲ.

ಹೆಸರು ತಿರುಗಾಡುವುದಕ್ಕೆ ಹಲಸೇ ಉತ್ತಮ ನಿದರ್ಶನ. ಮಲೆಯಾಳದ ‘ಚಕ್ಕ’ವು ಪೋರ್ತುಗೀಸರ ಬಾಯಲ್ಲಿ ‘ಜಾಕ’ವಾಗಿ, ಆಂಗ್ಲರಲ್ಲಿ ‘ಜ್ಯಾಕ್’ ಆಯಿತು. ಹಾಗೆಂದು ಹಲಸು ಪೋರ್ತುಗಲ್ಲಿನದೆಂದು ಯಾರೂ ಹೇಳರು. ಪಶ್ಚಿಮ ಘಟ್ಟವೇ ಅದರ ತವರೆಂಬುದು ಪ್ರಸಿದ್ಧ.

ಹಾಗಾದರೆ ತಿಂಡಿಯ ಮೂಲವನ್ನು ಎಲ್ಲಿ ಹುಡುಕಬೇಕು? ಹಣ್ಣಿನ ಸ್ವಭಾವದಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಹಲಸಿನಲ್ಲಿ ಬಕ್ಕೆ, ತುಳುವೆ ಎಂದು ಎರಡು ಬಗೆ. ಬಕ್ಕೆಯ ತೊಳೆ ಗಟ್ಟಿ. ಬಿಡಿಸಿ ತಿನ್ನಲು ಯೋಗ್ಯ. ತುಳುವೆಯ ತೊಳೆ ಮೆತ್ತಗೆ, ರಸಭರಿತ. ವಿದ್ವಾಂಸರಾದ ಸೇಡಿಯಾಪು ಕೃಷ್ಣ ಭಟ್ಟರು (1902–1996) ‘ತುಳು’ ಎಂಬ ಶಬ್ದಕ್ಕೆ ನೀರಿನ ಸಂಬಂಧವನ್ನು ಹೇಳುವಾಗ ಈ ತುಳುವೆ ಹಲಸನ್ನೂ ಉದಾಹರಿಸಿದ್ದಾರೆ. ಜೋರು ಮಳೆಯಲ್ಲಿ ಹಣ್ಣಾಗುವ ತುಳುವೆ ಎರಡು ದಿನವೂ ನಿಲ್ಲದು; ಬಿಸಿಲಿಲ್ಲದ್ದರಿಂದ ಒಣಗಿಸಿಡಲೂ ಆಗದು. ಅದೇ ರಸವು ಅಕ್ಕಿಯನ್ನು ಅರೆಯುವುದಕ್ಕೆ ನೀರಿನ ಬದಲಾಗುವುದು. ಅಕ್ಕಿ, ತೆಂಗು, ಹಲಸು ಒಂದೇ ಅಂಗಳದ ಸುತ್ತ ಇರುವಲ್ಲಿ ಇಂತಹ ತಿಂಡಿಯನ್ನು ಒಬ್ಬರಿಂದ ಒಬ್ಬರು ಕಲಿಯಬೇಕಾದ ಅಗತ್ಯವೇ ಇಲ್ಲ. 16ನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು ತನ್ನ ‘ಸೂಪಶಾಸ್ತ್ರ’ದಲ್ಲಿ ಹಲಸಿನ ಪಾಕಗಳನ್ನು ವಿಸ್ತರಿಸಿ ಹೇಳಿರುವುದರಿಂದ, ಈ ಹಣ್ಣಿನ ಅಡಿಗೆಯು ಕನ್ನಡ ನಾಡಿಗೆ ಹೊಸತಲ್ಲವೆಂಬುದೂ ಸ್ಪಷ್ಟ. ನೆರೆಹೊರೆಯ ಪಂಗಡಗಳು ಒಂದೇ ಹಣ್ಣಿಗೆ ಒಂದೇ ಉಪಾಯವನ್ನು ಕಂಡುಕೊಂಡು, ತಮ್ಮ ತಮ್ಮ ನುಡಿಯಲ್ಲಿ ಹೆಸರಿಟ್ಟವೆನ್ನುವುದೇ ಯುಕ್ತ.

ಆದರೆ ವಿವಾದದ ಗದ್ದಲದಲ್ಲಿ ಬೇರೊಂದು ನಷ್ಟವು ಕಣ್ಣಿಗೆ ಬೀಳುತ್ತಿಲ್ಲ. ಪೇಟೆಯಲ್ಲಿ ಬೆಲೆಯಿರುವುದು ಬಕ್ಕೆಗೆ. ತುಳುವೆಯನ್ನು ಕೇಳುವವರು ವಿರಳ. ಪುತ್ತೂರಿನಿಂದ 1988ರಿಂದ ಹೊರಡುತ್ತಿರುವ ‘ಅಡಿಕೆ ಪತ್ರಿಕೆ’ಯು ಹಲಸಿನ ಪರವಾಗಿ ಬಹಳ ಬರೆದು ಜನರ ಕಣ್ಣು ತೆರೆಸಿದೆ, ಹಲಸಿನ ಮೇಳಗಳೂ ನಡೆಯುತ್ತಿವೆ. ಆದರೂ ತೋಟದ ಬದಿಯ ತುಳುವೆ ಮರದಡಿಯಲ್ಲಿ ಹಣ್ಣು ಬಿದ್ದು ಕೊಳೆಯುವುದು ತಪ್ಪಿಲ್ಲ. ಬಕ್ಕೆಯಿಂದಲೂ ಈ ತಿಂಡಿಯನ್ನು ಮಾಡುವರು, ನಿಜ. ಆದರೆ ಆ ಮೃದುತ್ವವು ಅದಕ್ಕೆ ಬಾರದು. ಸುಟ್ಟವಿನ ಒಡೆತನಕ್ಕಾಗಿ ವಾದಿಸುವವರು ಈ ಮಳೆಗಾಲದಲ್ಲಿ ಒಂದೊಂದು ಒಳ್ಳೆಯ ತುಳುವೆಯ ಬೀಜವನ್ನು ತಮ್ಮ ಗುಡ್ಡದಲ್ಲಿ ಊರಿದರೆ, ಮುಂದಿನ ತಲೆಮಾರಿಗೆ ವಾದಿಸಲಾದರೂ ವಸ್ತುವಿರುವುದು.